ದೋಷ ಕಂಡುಬಂದಿಲ್ಲ

ಆಸ್ಪತ್ರೆಯ ಕುರ್ಚಿಯಿಂದ ಟಾಯ್ಲೆಟ್ಟಿನ ಬಾಗಿಲಿಗೆ ಹದಿನೇಳು ಹೆಜ್ಜೆ. ಬಂದ ಕೂಡಲೇ ಅವನು ಒಮ್ಮೆ ನಡೆದು ನೋಡಿಕೊಂಡು ಬಂದಿದ್ದ. ಚಿಲಕ ಒಳಗಿನಿಂದ ಸರಿಯಾಗಿ ಬೀಳುತ್ತದೆ, ನಲ್ಲಿಯಲ್ಲಿ ನೀರಿದೆ, ಬಾಗಿಲಿನ ಕೆಳಗೆ ಮಾತ್ರ ನಾಲ್ಕು ಬೆರಳು ಸಂದು. ಒಳಗಿನ ಸದ್ದೆಲ್ಲ ಹೊರಗೆ ಕೂತವರ ಕಿವಿಗೆ. ಅದಕ್ಕೇನೂ ಮಾಡುವ ಹಾಗಿಲ್ಲ. ಒಂಬತ್ತು ವರ್ಷದಿಂದ ಎಲ್ಲಿಗೆ ಹೋದರೂ ಅವನು ಮೊದಲು ಮಾಡುವ ಕೆಲಸ ಇದೇ. ಬೇರೆಯವರು ಊರನ್ನು ಅಂಗಡಿ, ಸಿನಿಮಾ, ನೆಂಟರ ಮನೆ ಎಂದು ನೆನಪಿಟ್ಟುಕೊಂಡರೆ ಇವನ ತಲೆಯಲ್ಲಿರುವುದು ಟಾಯ್ಲೆಟ್ಟುಗಳ ನಕ್ಷೆ. ರೈಲು ನಿಲ್ದಾಣದ್ದು ಸದಾ ತೆರೆದಿರುತ್ತದೆ, ಆದರೆ ಹೊಲಸು. ಲೈಬ್ರರಿಯದ್ದು ಚೊಕ್ಕಟ, ಆದರೆ ಸೋಮವಾರ ರಜೆ. ಸೇತುವೆ ಪಕ್ಕದ್ದಕ್ಕೆ ಹೋಗುವುದಕ್ಕಿಂತ ಸಾಯುವುದು ವಾಸಿ. ಸಾಯುವುದು ಎಂಬ ಮಾತು ತಲೆಗೆ ಬಂದದ್ದೇ ತಡ, ತೊಡೆಯ ಮೇಲಿದ್ದ ಫೈಲನ್ನು ಯಾರೋ ಕಿತ್ತುಕೊಳ್ಳಲು ಬಂದವರ ಹಾಗೆ ಗಟ್ಟಿಯಾಗಿ ಹಿಡಿದುಕೊಂಡ.

ಫೈಲಿನಲ್ಲಿ ನಾಲ್ಕು ಡಾಕ್ಟರುಗಳ ಚೀಟಿಗಳಿದ್ದವು. ಮೊದಲನೆಯವರು ಗ್ಯಾಸು ಅಂದಿದ್ದರು. ಎರಡನೆಯವರು ಟೆನ್ಷನ್ನು ಅಂದಿದ್ದರು. ಮೂರನೆಯವರು ರಕ್ತ ಪರೀಕ್ಷೆ ಮಾಡಿಸಿ, ಕಾಗದ ನೋಡಿ, ಇವನ ಮುಖ ನೋಡದೆ, "ನೀವು ಹೊಟ್ಟೆ ಬಗ್ಗೆ ಯೋಚ್ನೆ ಮಾಡೋದು ಬಿಟ್ರೆ ಅದೂ ನಿಮ್ಮ ಬಗ್ಗೆ ಯೋಚ್ನೆ ಮಾಡೋದು ಬಿಡತ್ತೆ" ಎಂದು ತಮ್ಮ ಜೋಕಿಗೆ ತಾವೇ ನಕ್ಕಿದ್ದರು. ನಾಲ್ಕನೆಯವರು ಹಿಂದಿನಿಂದ ಕೊಳವೆ ಹಾಕಿ ನೋಡಿ, ಒಳಗೆಲ್ಲ ಹೊಸ ಪೈಪಿನ ಹಾಗಿದೆ ಅಂದಿದ್ದರು. ಅದಾಗಿ ನಾಲ್ಕು ವರ್ಷ. ಹೊಸ ಪೈಪಿನ ಹೊಟ್ಟೆ ಹೊತ್ತವನು ಅಂದಿನಿಂದ ಹನ್ನೊಂದು ಕಿಲೋ ಇಳಿದಿದ್ದ, ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದ. ದಿನಕ್ಕೆ ಆರು ಸಲ ಓಡುತ್ತಿದ್ದ. ಇವತ್ತು ಐದನೆಯವರು. ಇವರೂ ಏನೂ ಇಲ್ಲ ಅಂದರೆ ಎಂದು ಅವನಿಗೆ ಭಯ. ಏನೋ ಇದೆ ಅಂದುಬಿಟ್ಟರೆ ಎಂದು ಅದಕ್ಕಿಂತ ದೊಡ್ಡ ಭಯ. ಎರಡು ಭಯಗಳ ನಡುವೆ ಹದಿನೇಳು ಹೆಜ್ಜೆ ದೂರದ ಬಾಗಿಲನ್ನು ನೋಡುತ್ತ ಕೂತ. ಕಂದು ಕೋಟಿನ ಮುದುಕನೊಬ್ಬ ಎದ್ದು ಅತ್ತ ಹೊರಟಾಗ, ತನ್ನ ಸ್ವತ್ತನ್ನು ಯಾರೋ ಆಕ್ರಮಿಸಿದಂತೆ ಎದೆ ಧಸಕ್ಕೆಂದಿತು.

ಬೆಳಿಗ್ಗೆ ಹೆಂಡತಿ ತಾನೂ ಬರುತ್ತೇನೆ ಎಂದು ಚಪ್ಪಲಿ ಹಾಕಿಕೊಂಡೇ ನಿಂತಿದ್ದಳು. "ರೀ, ಒಬ್ರೇ ಹೋದ್ರೆ ನೀವು ಅರ್ಧ ಹೇಳ್ತೀರ, ಅರ್ಧ ನುಂಗ್ತೀರ. ನಾನಿದ್ರೆ ಪೂರ್ತಿ ಹೇಳ್ತೀನಿ." ಅದೇ ಭಯಕ್ಕೆ ಅವನು ಬೇಡವೆಂದಿದ್ದ. ಇಪ್ಪತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳ ಎದುರಿಗೆ ಮಲ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುವುದು ಅವನಿಂದಾಗದು. "ಒಂದು ತುಂಡು ಬ್ರೆಡ್ಡಾದ್ರೂ ತಿಂದು ಹೋಗಿ, ಕಣ್ಣು ನೋಡಿ ಹೇಗೆ ಒಳಗೆ ಹೋಗಿದೆ" ಎಂದು ಅವಳು ತಟ್ಟೆ ಹಿಡಿದಿದ್ದಳು. ಅವನು ಕೈ ಅಡ್ಡ ಹಿಡಿದ. ಡಾಕ್ಟರ ಹತ್ತಿರ ಹೋಗುವ ದಿನ ಗೊತ್ತಾದ ಕೂಡಲೇ ಅವನ ಪಥ್ಯ ಶುರುವಾಗುತ್ತಿತ್ತು. ಬ್ರೆಡ್ಡು ಬಿಡು, ಬಿಸ್ಕತ್ತು ಬಿಡು, ಹಾಲು ಬಿಡು. ಬರೀ ಅನ್ನ, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ. ಈ ಸಲ ಸಿಕ್ಕ ದಿನಾಂಕವೇ ದೂರದ್ದಾದ್ದರಿಂದ ಎಂಟು ವಾರ ಹಾಗೇ ಕಳೆದಿತ್ತು. ಹೊಟ್ಟೆ ಸ್ವಲ್ಪ ತಣ್ಣಗಾಗಿತ್ತು ಕೂಡ. ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿ, ನಡುವೆ ಎಲ್ಲೂ ಇಳಿಯುವಂತಿಲ್ಲ. ಐದು ವರ್ಷದ ಹಿಂದೆ ಇಂಥದೇ ಒಂದು ಬಸ್ಸಿನಲ್ಲಿ, ಬೂದು ಪ್ಯಾಂಟಿನಲ್ಲಿ ಒಂದು ಸಲ ಆಗಿಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಹೇಳದೆ ಎದ್ದು ಹೋಗಿ ನಿಂತಿದ್ದಳು. ಏನಾದರೂ ಹೇಳಿದ್ದರೆ ವಾಸಿಯಿತ್ತು. ಆ ಪ್ಯಾಂಟನ್ನು ಅವನು ಒಗೆಯಲಿಲ್ಲ, ಕಾಗದದಲ್ಲಿ ಸುತ್ತಿ ಮೂರು ಬೀದಿಯಾಚೆ ತೊಟ್ಟಿಗೆ ಹಾಕಿ ಬಂದ, ಹೆಂಡತಿಗೆ ಎಣ್ಣೆ ಬಿದ್ದು ಹಾಳಾಯಿತು ಅಂದ. ಲಿಫ್ಟ್ ರಿಪೇರಿ ಮಾಡುವವನ ಪ್ಯಾಂಟಿಗೆ ಎಣ್ಣೆ ಬೀಳುವುದು ಸಹಜವಾದ್ದರಿಂದ ಅವಳು ನಂಬಿದಳು.

ಕಂಪನಿಯಲ್ಲಿ ಅವನಿಗೆ ಒರೆಸಪ್ಪ ಎಂದು ಹೆಸರು. ಯಾವ ಕಟ್ಟಡಕ್ಕೆ ಹೋದರೂ ಪೆಟ್ಟಿಗೆಯಿಂದ ಮೊದಲು ಹೊರಬರುವುದು ಸ್ಪ್ಯಾನರಲ್ಲ, ಬಟ್ಟೆ. ಬಾಗಿಲ ಸಂದಿನ ಧೂಳು ಒರೆಸಿ, ಲಿಫ್ಟು ಏರಿಳಿಯುವ ಉಕ್ಕಿನ ಹಳಿಗಳ ಜಿಡ್ಡು ತೆಗೆದು ಹೊಸ ಎಣ್ಣೆ ಹಚ್ಚಿ, ಗುಂಡಿಗಳನ್ನೆಲ್ಲ ಉಜ್ಜಿ, ಆಮೇಲೆ ಏರಿ ನೋಡುವುದು. ಕೊಳಕು ಯಂತ್ರದ ಎದುರು ಅವನಿಗೆ ತಲೆಯೇ ಓಡದು. ಸರ್ಕಾರಿ ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬರುವ ಹಿಂದಿನ ದಿನವಂತೂ ಅವನನ್ನೇ ಕಳಿಸುತ್ತಿದ್ದರು. ಒರೆಸಪ್ಪ ಹೋಗಿಬಂದ ಲಿಫ್ಟಿನಲ್ಲಿ ಇನ್ಸ್‌ಪೆಕ್ಟರಿಗೆ ಬೆರಳಿಡಲು ಒಂದು ಜಾಗ ಸಿಕ್ಕಿದ್ದಿಲ್ಲ. ಅದು ಅವನ ಹೆಮ್ಮೆ.

ಆ ಹೆಮ್ಮೆಗೆ ಈಚೆಗೆ ಒಬ್ಬಳು ಹೆಂಗಸು ಮುಳ್ಳಾಗಿದ್ದಳು. ಕಾಲುವೆ ಬೀದಿಯ ಹಳದಿ ಕಟ್ಟಡದ ಐದನೇ ಮಹಡಿಯಲ್ಲಿ ಒಬ್ಬಳೇ ಇರುವ, ರಿಟೈರಾದ ಗಣಿತದ ಟೀಚರ್. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಲಿಫ್ಟು ನಡುಗುತ್ತದೆ ಎಂದು ಏಳು ತಿಂಗಳಿಂದ ದೂರು. ಅವನು ಏಳು ಸಲ ಹೋದ. ಏಳು ಸಲವೂ ಒರೆಸಿದ, ಎಣ್ಣೆ ಹಚ್ಚಿದ, ಏರಿದ, ಇಳಿದ. ಲಿಫ್ಟು ಹಾಲಿನ ಮೇಲೆ ಕೆನೆ ತೇಲುವ ಹಾಗೆ ಹೋಯಿತು. ಏಳು ಸಲವೂ ಲಾಗ್ ಪುಸ್ತಕದಲ್ಲಿ ದುಂಡಗೆ ಬರೆದ: ದೋಷ ಕಂಡುಬಂದಿಲ್ಲ. ಕಳೆದ ವಾರ ಅವಳು ಕನ್ನಡಕ ಏರಿಸಿ ಅದನ್ನು ಓದಿ, "ಹಾಗಾದ್ರೆ ನಡುಗ್ತಿರೋದು ನಾನಾ?" ಎಂದು ಕೇಳಿದ್ದಳು. ಅವನು, "ವಯಸ್ಸಾದ್ಮೇಲೆ ಒಂದೊಂದ್ಸಲ ಹಾಗನ್ಸತ್ತೆ ಟೀಚರ್, ಅದ್ರ ಬಗ್ಗೆ ಯೋಚ್ನೆ ಮಾಡಬೇಡಿ" ಅಂದಿದ್ದ. ಅಂದ ಮೇಲೆ ಆ ಮಾತನ್ನು ಎಲ್ಲೋ ಕೇಳಿದಂತಿದೆ ಎನಿಸಿತ್ತು. ಅಂದಿನಿಂದ ಅವಳು ಸವೆದ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಾಳೆಂದು ಕಾವಲಿನವನು ಹೇಳಿದ. ಮೊಂಡು ಮುದುಕಿ ಎಂದು ಇಬ್ಬರೂ ನಕ್ಕಿದ್ದರು.

ಕಂದು ಕೋಟಿನ ಮುದುಕ ಇನ್ನೂ ಹೊರಬಂದಿರಲಿಲ್ಲ. ಬಾಗಿಲಿನ ಸಂದಿನಿಂದ ಮುಕ್ಕರಿಯುವ ಸದ್ದು, ಆಮೇಲೆ ಉಸ್ಸೆಂಬ ನಿಟ್ಟುಸಿರು. ಅಪ್ಪನೂ ಹೀಗೇ ಉಸ್ಸೆನ್ನುತ್ತಿದ್ದ. ಕೂರೋಕಾಗಲ್ಲ ಕಣೋ ಎಂದು ಎರಡು ವರ್ಷ ಗೋಳಾಡಿದ. ಡಾಕ್ಟರು ಮೂಲವ್ಯಾಧಿ ಎಂದು ಮುಲಾಮು ಕೊಟ್ಟರು, ಖಾರ ಬಿಡಿ ಅಂದರು. ಖಾರ ಬಿಟ್ಟ ಅಪ್ಪ ಒಣಗುತ್ತ ಹೋದ. ಇವನಿಗೆ ಆಗ ಹತ್ತೊಂಬತ್ತು. ಹೊಸದಾಗಿ ಕೆಲಸ ಕಲಿಯುತ್ತಿದ್ದ ಹುರುಪು, ಬೆಳಿಗ್ಗೆ ಏಳಕ್ಕೆ ಬಸ್ಸು. ಒಂದು ಬೆಳಿಗ್ಗೆ ಅಪ್ಪ ಒಳಗಿನಿಂದ ಕರೆದ. "ಸ್ವಲ್ಪ ಬಾರೋ. ಒಂದ್ಸಲ ನೋಡು. ಕೆಂಪಗಿದೆಯೋ ಇಲ್ವೋ ನನ್ನ ಕಣ್ಣಿಗೆ ಗೊತ್ತಾಗ್ತಿಲ್ಲ." ಇವನು ಬಾಗಿಲ ಹೊರಗೆ ನಿಂತು, ಮೂಗು ಮುಚ್ಚಿಕೊಂಡು, "ಡಾಕ್ಟ್ರು ಏನೂ ಇಲ್ಲ ಅಂದಿದಾರಲ್ಲಪ್ಪ. ನೀರು ಹಾಕಿ ಬಾ, ನಂಗೆ ಹೊತ್ತಾಯ್ತು" ಅಂದ.  ಆಮೇಲೆ ನೀರು ಹಾಕಿದ ಸದ್ದು. ಅಪ್ಪ ಮತ್ತೆ ಯಾರನ್ನೂ ಕರೆಯಲಿಲ್ಲ. ಅದು ಮೂಲವ್ಯಾಧಿಯಲ್ಲ, ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಗೊತ್ತಾಗಿ ಮಾಡುವುದೇನೂ ಉಳಿದಿರಲಿಲ್ಲ. ಅಂದಿನಿಂದ ಇವನು ಕೆಳಗೆ ನೋಡಿದವನಲ್ಲ. ಏಳುವ ಮೊದಲೇ ಕಣ್ಣು ಮುಚ್ಚಿ ಕೈ ಹಿಂದೆ ಚಾಚಿ ನೀರು ಬಿಟ್ಟುಬಿಡುವುದು. ಇಪ್ಪತ್ತಾರು ವರ್ಷದ ಅಭ್ಯಾಸ. ಫ್ಲಶ್ಶಿನ ಗುಂಡಿ ಎಲ್ಲಿದೆಯೆಂದು ಕೈಗೇ ಗೊತ್ತು.

"ನಲವತ್ತೆರಡು" ಎಂದು ನರ್ಸು ಕೂಗಿದಳು. ಅವನು ತನ್ನ ಚೀಟಿ ನೋಡಿಕೊಂಡ. ನಲವತ್ತೆರಡೇ.

ಡಾಕ್ಟರು ಅವನಿಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮೇಜಿನ ಮೇಲೆ ಅರ್ಧ ಕುಡಿದ ಟೀ, ಗೋಡೆಯ ಮೇಲೆ ಕರುಳಿನ ಬಣ್ಣದ ಚಿತ್ರ. ಅವಳು ಫೈಲನ್ನು ಮೊದಲ ಹಾಳೆಯಿಂದ ಓದತೊಡಗಿದಳು. ಯಾರೂ ಅದನ್ನು ಹಾಗೆ ಓದಿರಲಿಲ್ಲ. ಎಲ್ಲರೂ ಕೊನೆಯ ಹಾಳೆ ನೋಡಿ ಮುಚ್ಚುತ್ತಿದ್ದರು. ಅವನಿಗೆ ಒಳ್ಳೆಯದೆನಿಸುವ ಬದಲು ಜೀವ ಬಾಯಿಗೆ ಬಂತು. ಇಷ್ಟು ನಿಧಾನವಾಗಿ ಓದುತ್ತಿದ್ದಾಳೆಂದರೆ ಏನೋ ಕಂಡಿರಬೇಕು. ಅವಳ ಹುಬ್ಬು ಒಂದು ಸಲ ಮೇಲೆ ಹೋಯಿತು. 

"ಬಾಯಲ್ಲಿ ಹುಣ್ಣಾಗತ್ತಾ?"

"ಆಗತ್ತೆ. ಅದಕ್ಕೂ ಇದಕ್ಕೂ..."

"ರಕ್ತ ಕಡಿಮೆ ಇದೆ ಅಂತ ಮೂರು ಸಲ ಬರೆದಿದಾರೆ. ಕಬ್ಬಿಣದ ಮಾತ್ರೆ ಕೊಟ್ಟಿದಾರೆ. ಯಾಕೆ ಕಡಿಮೆ ಆಯ್ತು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ."

"ಹೋಗುವಾಗ ರಕ್ತ ಕಾಣತ್ತಾ?"

"ಇಲ್ಲ" ಎಂದ, ಬೇಗ. ಎಷ್ಟು ಬೇಗವೆಂದರೆ ಅವಳು ಪೆನ್ನು ಎತ್ತಿ ಇವನನ್ನೇ ನೋಡಿದಳು. ಮುಖ ಬಿಸಿಯಾಯಿತು. ಕಾಣುವುದಿಲ್ಲ ಎಂಬುದೇನೋ ನಿಜ, ನೋಡದವನಿಗೆ ಏನು ಕಾಣುತ್ತದೆ. ಹೆಂಡತಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಪಕ್ಕೆಗೆ ತಿವಿಯುತ್ತಿದ್ದಳು.

"ನಿನ್ನೆ ಏನು ತಿಂದ್ರಿ?"

"ಅನ್ನ. ಬಾಳೆಹಣ್ಣು."

"ಮೊನ್ನೆ?"

"ಅನ್ನ. ಆಲೂಗಡ್ಡೆ."

"ಯಾವಾಗ್ಲೂ ಇಷ್ಟೇನಾ?"

"ಇಲ್ಲ ಡಾಕ್ಟ್ರೇ. ಇಲ್ಲಿಗೆ ಬರೋದಿತ್ತಲ್ಲ, ಅದಕ್ಕೆ." ಹೇಳಿದ ಮೇಲೆ ಅದು ಎಷ್ಟು ಪೆದ್ದಾಗಿ ಕೇಳಿಸುತ್ತದೆಂದು ಗೊತ್ತಾಯಿತು. ಅವಳು ಸುಮ್ಮನೆ ಕಾದಳು. ಸುಮ್ಮನೆ ಕಾಯುವವರ ಎದುರು ಸುಳ್ಳು ಹೇಳುವುದು ಕಷ್ಟ. ಬಸ್ಸಿನ ವಿಷಯ ಹೇಳಿದ. ಬೂದು ಪ್ಯಾಂಟಿನ ವಿಷಯ ನುಂಗಿಕೊಂಡ. ಮತ್ತೆ, ನುಂಗಿದ್ದು ಗಂಟಲಲ್ಲೇ ಸಿಕ್ಕಿಕೊಂಡ ಹಾಗಾಗಿ, ಅದನ್ನೂ ಹೇಳಿಬಿಟ್ಟ. ಹೇಳುವಾಗ ಗೋಡೆಯ ಮೇಲಿನ ಕರುಳಿನ ಚಿತ್ರವನ್ನೇ ನೋಡುತ್ತಿದ್ದ. ಅವಳು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ.

"ಈ ರಕ್ತ ಪರೀಕ್ಷೆ ಮಾಡಿಸಿದಾಗ್ಲೂ ಹೀಗೇ ಪಥ್ಯ ಮಾಡಿದ್ರಾ?"

"ಎಲ್ಲಾ ಸಲವೂ. ಆಗ ಮೂರು ತಿಂಗಳು ಮಾಡಿದ್ದೆ. ಡಾಕ್ಟ್ರ ಹತ್ರ ಹೋಗುವಾಗ ಹೊಟ್ಟೆ ಸರಿಯಾಗಿರ್ಲಿ ಅಂತ."

ಅವಳು ಫೈಲು ಮುಚ್ಚಿದಳು. "ಡಾಕ್ಟ್ರ ಹತ್ರ ಹೋಗೋದು ಹೊಟ್ಟೆ ಸರಿ ಇಲ್ಲ ಅಂತ ಅಲ್ವಾ?" ಎಂದಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಗೋಧಿಯಲ್ಲಿರುವ ಒಂದು ಅಂಶ ಕೆಲವರ ಕರುಳಿಗೆ ಆಗುವುದಿಲ್ಲ, ಒಳಗೋಡೆಯನ್ನೇ ಸವೆಸುತ್ತದೆ. ತಿಂದ ಅನ್ನ ಮೈಗೆ ಹತ್ತುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ. ಅದಕ್ಕೊಂದು ಪರೀಕ್ಷೆಯಿದೆ, ಅದನ್ನು ಮಾಡಿದ್ದಾರೆ ಕೂಡ. ಆದರೆ ದಿನವೂ ಗೋಧಿ ತಿನ್ನುತ್ತಿದ್ದರೆ ಮಾತ್ರ ಅದರಲ್ಲಿ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಬಂದವರಲ್ಲಿ ರಕ್ತ ಚೊಕ್ಕಟವಾಗಿ ಕಂಡುಬಿಡಬಹುದು. "ನೀವು ಎಲ್ಲಾ ಅಳಿಸಿ ತಂದು ತೋರಿಸಿದೀರ. ಅವ್ರು ಕಂಡಿದ್ದು ಬರೆದಿದಾರೆ."

ಅವನ ಕಣ್ಣ ಮುಂದೆ ಬಂದದ್ದು ಕರುಳಲ್ಲ; ಎಣ್ಣೆ ಹಚ್ಚಿ ಹೊಳೆಯುವ ಎರಡು ಹಳಿ, ಕೈಯಲ್ಲಿ ಬಟ್ಟೆ.

"ಹಾಗಾದ್ರೆ ಅದೇನಾ ಡಾಕ್ಟ್ರೇ?"

"ಅನುಮಾನ ಅಷ್ಟೇ. ಖಚಿತ ಆಗ್ಬೇಕು ಅಂದ್ರೆ ಆರು ವಾರ ದಿನಕ್ಕೆರಡು ಹೊತ್ತು ಗೋಧಿದು ತಿನ್ಬೇಕು. ಬ್ರೆಡ್ಡೋ ಬಿಸ್ಕತ್ತೋ, ಯಾವುದಾದ್ರೂ. ಆಮೇಲೆ ಮತ್ತೆ ರಕ್ತ, ಆಮೇಲೆ ಬಾಯಿಂದ ಕೊಳವೆ ಹಾಕಿ ಕರುಳಿಂದ ಒಂದು ಚೂರು ತೆಗೆದು ನೋಡ್ತೀವಿ."

"ತಿಂದ್ರೆ ಜಾಸ್ತಿ ಆಗತ್ತೆ."

"ಆಗ್ಬಹುದು. ತೀರಾ ತಡೆಯೋಕಾಗ್ದಿದ್ರೆ ಫೋನ್ ಮಾಡಿ. ಭೇದಿ ನಿಲ್ಲಿಸೋ ಮಾತ್ರೆ ಬಸ್ಸಿಗೆ ಅಂತ ಇಟ್ಕೊಳ್ಳಿ, ಅದರಿಂದ ಟೆಸ್ಟು ಕೆಡಲ್ಲ."

ಅವನು ಎದ್ದ. ಬಾಗಿಲವರೆಗೆ ಹೋದ. ಹಿಡಿಯ ಮೇಲೆ ಕೈಯಿಟ್ಟು, ಬೆನ್ನು ಅವಳ ಕಡೆಗೇ ಇಟ್ಟು ಹೇಳಿದ: "ನಮ್ಮಪ್ಪ ಕರುಳಿನ ಕ್ಯಾನ್ಸರಲ್ಲಿ ಹೋದ್ರು."

"ಇದನ್ನ ಯಾವ ಡಾಕ್ಟ್ರಿಗೂ ಹೇಳಿಲ್ವಾ?"

"ಇಲ್ಲ."

"ಕೂತ್ಕೊಳ್ಳಿ" ಎಂದಳು. ಅವನು ಕೂತ. ಒಂಬತ್ತು ವರ್ಷ ಅವನು ಇದೇ ಮಾತಿಗೆ ಹೆದರಿದ್ದು. ಹೇಳಿದರೆ ಹುಡುಕುತ್ತಾರೆ, ಹುಡುಕಿದರೆ ಸಿಗುತ್ತದೆ. ಅವಳು ಬರೆಯುತ್ತ ಹೇಳಿದಳು: "ಅದಲ್ಲ ಅಂತ ನಾನು ಈಗ್ಲೇ ಹೇಳಲ್ಲ. ನಾಲ್ಕು ವರ್ಷದ ಹಿಂದೆ ಇರ್ಲಿಲ್ಲ, ಅಷ್ಟೇ ಗೊತ್ತಿರೋದು. ಹಿಂದಿನಿಂದಲೂ ಕೊಳವೆ ಹಾಕಿ ಮತ್ತೆ ನೋಡೋಣ, ಅದಕ್ಕೆ ಆರು ವಾರ ಕಾಯೋದು ಬೇಡ, ಮುಂದಿನ ವಾರಕ್ಕೇ ಬರೀತೀನಿ. ಅಲ್ಲಿವರೆಗೆ ದಿನಾ ನೋಡಿ, ಬರೆದಿಡಿ. ಎಷ್ಟು ಸಲ, ಹೇಗಿತ್ತು, ಬಣ್ಣ ಏನು. ಕೆಂಪೋ ಕಪ್ಪೋ ಕಂಡ್ರೆ ಅವತ್ತೇ ಬನ್ನಿ." ಪೆನ್ನು ನಿಂತಿತು. "ನೋಡ್ತೀರಾ?"

"ನೋಡ್ತೀನಿ" ಅಂದ. ತನ್ನ ದನಿ ಯಾರದೋ ಹಾಗಿತ್ತು.

ಬೀದಿಯಲ್ಲಿ ಬಿಸಿಲಿತ್ತು. ಜನ ಎಂದಿನ ಹಾಗೆ ನಡೆಯುತ್ತಿದ್ದರು. ಬೇಕರಿಯ ಗಾಜಿನ ಹಿಂದೆ ಬನ್ನುಗಳು ಸಾಲಾಗಿ ಕೂತಿದ್ದವು, ಬೆನ್ನು ಕಂದಾಗಿ, ಯಾರಿಗೂ ಕೇಡು ಬಗೆಯದ ಮುಖ ಮಾಡಿಕೊಂಡು. ಒಂದು ಕೊಂಡು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತ. ಹೆಂಡತಿಗೆ ಫೋನು ಮಾಡಿ, "ಬ್ರೆಡ್ ತಂದಿಡು" ಎಂದ.  "ಏನಂದ್ರು?" ಎಂದಳು. "ತಿನ್ನು ಅಂದ್ರು. ಮನೆಗೆ ಬಂದು ಹೇಳ್ತೀನಿ, ಪೂರ್ತಿ." ಬನ್ನಿನ ಮೊದಲ ತುತ್ತು ಬಾಯಲ್ಲಿ ಮುದ್ದೆಯಾಗಿ ನಿಂತಿತು. ನೀರು ಕುಡಿದು ಇಳಿಸಿದ. ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ. ರುಚಿಯಾಗಿತ್ತು, ಅದೇ ಅವನಿಗೆ ಅಳು ಬರಿಸಿತು. ಮುಂದಿನ ವಾರ ಎಂದರೆ ಏಳು ದಿನ. ಏಳು ದಿನದ ಮೇಲೆ ಯಾರೋ ಒಂದು ಪರದೆಯ ಮೇಲೆ ಅವನ ಒಳಗನ್ನು ನೋಡಿ ಹುಬ್ಬೇರಿಸುತ್ತಾರೆ, ಇಲ್ಲವೇ ಏರಿಸುವುದಿಲ್ಲ.

ಅರ್ಧ ದಿನದ ರಜೆ ಮುಗಿದಿತ್ತು. ಕಂಪನಿಯಿಂದ ಪೆಟ್ಟಿಗೆ ತೆಗೆದುಕೊಂಡು ಎರಡೂವರೆಗೆ ಕಾಲುವೆ ಬೀದಿಯ ಹಳದಿ ಕಟ್ಟಡದ ಎದುರು ನಿಂತಾಗ ಹೊಟ್ಟೆಯಲ್ಲಿ ಆಗಲೇ ಒಂದು ಗುಡುಗುಡು ಶುರುವಾಗಿತ್ತು. ಬನ್ನಿನದೋ ಭಯದ್ದೋ ಹೇಳುವುದು ಕಷ್ಟ. ಅಭ್ಯಾಸದಿಂದ ಪೆಟ್ಟಿಗೆ ತೆರೆದು ಬಟ್ಟೆ ತೆಗೆದ. ಕಳೆದ ವಾರ ಹಚ್ಚಿದ ಎಣ್ಣೆ ಇಷ್ಟು ಹೊತ್ತಿಗೆ ಆರಿ ಧೂಳು ಹಿಡಿದಿರುತ್ತದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತ. ಆಮೇಲೆ ಅದನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿ, ಹಾಗೇ ಲಿಫ್ಟಿನೊಳಗೆ ಹೋದ. ಟೀಚರ್ ನಿಲ್ಲುವ ಹಾಗೆ ಕಂಬಿ ಹಿಡಿದು ಒಂದು ಮೂಲೆಗೆ ನಿಂತು ಐದನ್ನು ಒತ್ತಿದ. ಒಂದು. ಎರಡು. ಮೂರು ದಾಟಿದ್ದೇ ಕಾಲ ಕೆಳಗೆ ಏನೋ ಎಡವಿದ ಹಾಗಾಯಿತು. ಇಡೀ ಲಿಫ್ಟು ಗಡಗಡ ಗಡಗಡ ನಡುಗಿತು, ಕಂಬಿ ಹಿಡಿದ ಕೈ ನಡುಗಿತು, ಹಲ್ಲು ಹಲ್ಲಿಗೆ ತಾಗಿತು. ನಾಲ್ಕು ಬಂದ ಮೇಲೆ ಏನೂ ಆಗದ ಹಾಗೆ ಸುಮ್ಮನಾಯಿತು. ಮತ್ತೆ ಇಳಿದ, ಮತ್ತೆ ಏರಿದ. ಮತ್ತೆ ನಡುಗಿತು. ಹಳಿಯ ಕೂಡಿಕೆ ಸರಿದಿರಬೇಕು. ಎಣ್ಣೆಯಿದ್ದಷ್ಟು ದಿನ ಜಾರುತ್ತದೆ, ಒಣಗಿದ ಮೇಲೆ ತಗಲುತ್ತದೆ. ಏಳು ತಿಂಗಳು. ಆ ಹೆಂಗಸು ಏಳು ತಿಂಗಳು ಇದರೊಳಗೆ ಒಬ್ಬಳೇ ನಿಂತು, ಹೊರಗೆ ಬಂದು ನಿಜ ಹೇಳಿದ್ದಳು.

ಐದರಲ್ಲಿ ಹೊರಬಂದು ಬೆಲ್ಲು ಒತ್ತಿದ. ಟೀಚರ್ ಬಾಗಿಲು ತೆರೆದು, ಪೆಟ್ಟಿಗೆ ನೋಡಿ, ಮುಖ ಬಿಗಿದುಕೊಂಡಳು. "ಏನಪ್ಪಾ, ಎಂಟನೇ ಸಲ ಬರೆಯೋಕೆ ಬಂದ್ಯಾ?"

"ನಡುಗತ್ತೆ ಟೀಚರ್. ನಾನು ನೋಡ್ದೆ. ನೀವು ಹೇಳಿದ ಜಾಗದಲ್ಲೇ."

 ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಗಲ್ಲ ಒಂದು ಸಲ ಅದುರಿತು. ಅವನಿಗೆ ತಪ್ಪಾಯಿತು ಎನ್ನಬೇಕಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಗಿ, ಹಣೆಯಲ್ಲಿ ತಣ್ಣನೆ ಬೆವರು ಒಡೆಯಿತು. ಇಲ್ಲಿಂದ ಲೈಬ್ರರಿಗೆ ಒಂಬತ್ತು ನಿಮಿಷ. ಇವತ್ತು ಸೋಮವಾರ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅವನು ಯಾರ ಮನೆಯಲ್ಲೂ ಒಂದು ಲೋಟ ನೀರಿನ ಹೊರತು ಏನನ್ನೂ ಕೇಳಿದವನಲ್ಲ.

"ಟೀಚರ್," ಎಂದ, ನೆಲ ನೋಡುತ್ತ, "ನಿಮ್ಮ ಟಾಯ್ಲೆಟ್ಟು... ನಂಗೆ ಹೊಟ್ಟೆ ಸರಿಯಿಲ್ಲ. ತುಂಬಾ ವರ್ಷದಿಂದ ಸರಿಯಿಲ್ಲ."

ಅವಳು ಪಕ್ಕಕ್ಕೆ ಸರಿದಳು. "ಎಡಗಡೆ. ಲೈಟು ಹೊರಗಿದೆ. ಹೋಗು, ಹೋಗು."

ಚಿಕ್ಕ ಕೋಣೆ, ಬಿಳಿ ಟೈಲು, ಗೋಡೆಯಲ್ಲಿ ಆತುಕೊಳ್ಳಲು ಒಂದು ಹಿಡಿ. ಎಲ್ಲ ಸದ್ದೂ ಆಯಿತು. ಅವಳು ಹೊರಗೆ ರೇಡಿಯೋ ಹಾಕಿದಳು, ಸ್ವಲ್ಪ ಜೋರಾಗೇ ಹಾಕಿದಳು. ಅವಳು ಯಾಕೆ ಹಾಕಿದಳೆಂದು ಅವನಿಗೆ ಗೊತ್ತಾಯಿತು. ಮುಗಿದ ಮೇಲೆ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಕೈ ತಾನಾಗಿ ಹಿಂದಕ್ಕೆ ಹೋಯಿತು. ಗುಂಡಿ ಬೆರಳಿಗೆ ಸಿಕ್ಕಿತು. ಒತ್ತಲಿಲ್ಲ. ಎದ್ದ. ಬಟ್ಟೆ ಸರಿಮಾಡಿಕೊಂಡು, ಗೋಡೆಯ ಹಿಡಿ ಹಿಡಿದು, ಕಣ್ಣು ಮುಚ್ಚಿಕೊಂಡೇ ತಿರುಗಿ ನಿಂತ.  ಒಂದ್ಸಲ ನೋಡು ಎಂದಿದ್ದ ಅಪ್ಪ. ಬಾಗಿಲ ಒಳಗೆ ಒಬ್ಬನೇ, ಚಿಲಕ ಹಾಕಿಕೊಳ್ಳದೆ, ಮಗ ಬರುತ್ತಾನೆಂದು.

"ಏನಪ್ಪಾ, ನೀರು ಬರ್ತಿಲ್ವಾ?" ಟೀಚರ್ ಹೊರಗಿನಿಂದ ಕೇಳಿದಳು.

"ಬರ್ತಿದೆ ಟೀಚರ್" ಎಂದ. "ಒಂದ್ನಿಮಿಷ. ನೋಡ್ತಿದೀನಿ."

ಕಣ್ಣು ತೆರೆದು ಬಗ್ಗಿದ.